ಗೋವಾದಲ್ಲಿ ಎಂಟು ಗಂಟೆ ಬಿಡುವು: ಕಲಂಗುಟ್‌ಗೆ ಹೋಗಿ ಬರಬಹುದೇ?

ಕಲಂಗುಟ್: ಗಲ್ಫ್‌ನಿಂದ ಗೋವಾಕ್ಕೆ ಬಂದಿಳಿದು ಅಲ್ಲಿಂದ ಬೆಂಗಳೂರಿಗೋ ಹೈದರಾಬಾದಿಗೋ ಇನ್ನೊಂದು ವಿಮಾನ ಹಿಡಿಯುವವರಿದ್ದಾರೆ. ಕಾರವಾರ, ಜೋಯಿಡಾ, ಖಾನಾಪುರ ಕಡೆಯಿಂದ ಬೆಳಗಿನ ರೈಲು ಅಥವಾ ಬಸ್ಸಿನಲ್ಲಿ ಬಂದು ರಾತ್ರಿಯ ವಿಮಾನಕ್ಕೆ ಕಾಯುವವರೂ ಇದ್ದಾರೆ. ಇಬ್ಬರ ಮುಂದೆಯೂ ಬರುವ ಪ್ರಶ್ನೆ ಒಂದೇ. ನಡುವೆ ಸಿಗುವ ಏಳೆಂಟು ಗಂಟೆಯನ್ನು ಏನು ಮಾಡುವುದು?

ಹತ್ತರಲ್ಲಿ ಎಂಟು ಮಂದಿಯ ಬಾಯಲ್ಲಿ ಬರುವ ಉತ್ತರ ಕಲಂಗುಟ್. ಬಾರ್ದೇಸ್ ತಾಲೂಕಿನ ಈ ಕಡಲತೀರದ ಹೆಸರು ಕೇಳದವರಿಲ್ಲ. "ಗೋವಾದಲ್ಲಿ ಇಳಿದು ಕಲಂಗುಟ್ ನೋಡದೆ ಬಂದೆಯಾ?" ಎಂದು ಊರಿನಲ್ಲಿ ಕೇಳುವವರಿಗೂ ಕಡಿಮೆಯಿಲ್ಲ. ಆದರೆ ಟಿಕೆಟ್‌ನಲ್ಲಿ ಕಾಣುವ ಎಂಟು ಗಂಟೆ ಪ್ರಯಾಣಿಕನ ಕೈಗೆ ಪೂರ್ತಿಯಾಗಿ ಸಿಗುವ ಎಂಟು ಗಂಟೆಯಲ್ಲ. ಅದರಲ್ಲಿ ಹೆಚ್ಚಿನ ಪಾಲು ಸಾಲಿನಲ್ಲಿ ಮತ್ತು ರಸ್ತೆಯಲ್ಲಿ ಕಳೆದುಹೋಗುತ್ತದೆ. ಉಳಿಯುವುದು ಎಷ್ಟು ಎಂದು ಮೊದಲೇ ಲೆಕ್ಕ ಹಾಕಿದವನು ನೆಮ್ಮದಿಯಿಂದ ಹೋಗಿ ಬರುತ್ತಾನೆ. ಲೆಕ್ಕ ಹಾಕದವನು ವಿಮಾನ ತಪ್ಪಿಸಿಕೊಳ್ಳುತ್ತಾನೆ.

ಮೊದಲು ನೋಡಬೇಕಾದದ್ದು: ಯಾವ ವಿಮಾನ ನಿಲ್ದಾಣ?

ಬಹಳ ವರ್ಷಗಳ ಕಾಲ ಗೋವಾ ವಿಮಾನ ನಿಲ್ದಾಣ ಎಂದರೆ ದಾಬೋಳಿ ಒಂದೇ ಆಗಿತ್ತು. ವಾಸ್ಕೋ ಪಕ್ಕದ ಈ ನಿಲ್ದಾಣವನ್ನು 1950ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದರು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದ ನಂತರ ಅದು ಭಾರತೀಯ ನೌಕಾಪಡೆಯ ವಶಕ್ಕೆ ಬಂತು. ಇಂದಿಗೂ ಅದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯೇ. ನಾಗರಿಕ ವಿಮಾನಗಳಿಗೆ ಅಲ್ಲಿ ಒಂದು ಭಾಗವನ್ನು ಬಿಟ್ಟುಕೊಡಲಾಗಿದೆ.

ಎರಡನೆಯದು ಉತ್ತರ ಗೋವಾದ ಪೆಡ್ನೆ ತಾಲೂಕಿನ ಮೋಪಾದಲ್ಲಿರುವ ಮನೋಹರ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. 2022ರ ಡಿಸೆಂಬರ್ 11ರಂದು ಉದ್ಘಾಟನೆಗೊಂಡ ಇದರಲ್ಲಿ 2023ರ ಜನವರಿ 5ರಿಂದ ವಿಮಾನ ಸಂಚಾರ ಆರಂಭವಾಯಿತು. ಮಾಜಿ ಮುಖ್ಯಮಂತ್ರಿ ದಿವಂಗತ ಮನೋಹರ ಪರ್ರಿಕರ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. ಗಲ್ಫ್ ಪ್ರಯಾಣಿಕರು ಗಮನಿಸಬೇಕಾದ ಸಂಗತಿಯೆಂದರೆ, ಕೆಲವು ವಿದೇಶಿ ವಿಮಾನಗಳು ದಾಬೋಳಿ ಬಿಟ್ಟು ಮೋಪಾಕ್ಕೆ ಬಂದಿವೆ. ಕತಾರ್ ಏರ್‌ವೇಸ್ 2024ರ ಜೂನ್‌ನಲ್ಲಿ ಹೀಗೆ ಸ್ಥಳಾಂತರಗೊಂಡಿತು. ಆದ್ದರಿಂದ ಕೆಲವು ವರ್ಷಗಳ ಹಿಂದೆ ದಾಬೋಳಿಯಿಂದ ಹೋದವರು ಈ ಸಲವೂ ಅಲ್ಲಿಂದಲೇ ಎಂದು ತಿಳಿಯಬಾರದು.

ಎರಡೂ ನಿಲ್ದಾಣಗಳ ಮುಂದೆ ಟಿಕೆಟ್‌ನಲ್ಲಿ 'ಗೋವಾ' ಎಂದೇ ಇರುತ್ತದೆ. ವ್ಯತ್ಯಾಸ ತಿಳಿಯುವುದು ಮೂರು ಅಕ್ಷರದ ಸಂಕೇತದಿಂದ. 'ಜಿ-ಓ-ಐ' ಎಂದಿದ್ದರೆ ದಾಬೋಳಿ, 'ಜಿ-ಓ-ಎಕ್ಸ್' ಎಂದಿದ್ದರೆ ಮೋಪಾ. ಒಂದು ಅಕ್ಷರದ ಈ ವ್ಯತ್ಯಾಸಕ್ಕೆ ರಸ್ತೆಯಲ್ಲಿ ಸುಮಾರು 65 ಕಿಲೋಮೀಟರ್ ಅಂತರವಿದೆ. ಇಳಿಯುವುದು ಒಂದರಲ್ಲಿ, ಮುಂದಿನ ವಿಮಾನ ಇನ್ನೊಂದರಲ್ಲಿ ಎಂಬ ಪರಿಸ್ಥಿತಿಯೂ ಬರಬಹುದು. ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡವರು ಇದನ್ನು ಎರಡೆರಡು ಸಲ ನೋಡಿಕೊಳ್ಳುವುದು ಒಳ್ಳೆಯದು.

ಗಂಟೆಗಳ ಲೆಕ್ಕ ಹೀಗೆ

ಕಲಂಗುಟ್ ಈ ಎರಡು ನಿಲ್ದಾಣಗಳ ನಡುವೆ ಬರುತ್ತದೆ. ದಾಬೋಳಿಯಿಂದ ಸುಮಾರು 40 ಕಿಲೋಮೀಟರ್, ಮೋಪಾದಿಂದ ಮಾಪುಸಾ ಮಾರ್ಗವಾಗಿ ಅದಕ್ಕಿಂತ ಸ್ವಲ್ಪ ಕಡಿಮೆ. ಮಾಂಡವಿ ನದಿಯ ಮೇಲೆ 2019ರಲ್ಲಿ ಅಟಲ್ ಸೇತು, ಜುವಾರಿ ನದಿಯ ಮೇಲೆ 2022ರ ಡಿಸೆಂಬರ್‌ನಲ್ಲಿ ಹೊಸ ಸೇತುವೆಯ ಮೊದಲ ಭಾಗ ತೆರೆದ ಮೇಲೆ ದಾಬೋಳಿ ಕಡೆಯ ಪ್ರಯಾಣ ಮೊದಲಿಗಿಂತ ಸುಗಮವಾಗಿದೆ. ಆದರೆ ಹೆದ್ದಾರಿ ಬಿಟ್ಟು ಕಲಂಗುಟ್ ಕಡೆಗೆ ತಿರುಗಿದ ಮೇಲಿನ ಇಕ್ಕಟ್ಟಾದ ರಸ್ತೆಗೆ ಸೇತುವೆಯಿಂದ ಪ್ರಯೋಜನವಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲಿ ಮತ್ತು ಶನಿವಾರ, ಭಾನುವಾರದ ಸಂಜೆಗಳಲ್ಲಿ ವಾಹನಗಳು ಅಲ್ಲಿ ಆಮೆಯ ನಡಿಗೆಯಲ್ಲಿ ಸಾಗುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಪ್ರಯಾಣಿಕ ಮಧ್ಯಾಹ್ನ 2 ಗಂಟೆಗೆ ದಾಬೋಳಿಯಲ್ಲಿ ಇಳಿಯುತ್ತಾನೆ. ಅಲ್ಲಿಂದಲೇ ರಾತ್ರಿ 10ಕ್ಕೆ ಬೆಂಗಳೂರು ವಿಮಾನ. ಇಳಿದು ಸಾಮಾನು ಪಡೆದು ಹೊರಬರಲು ಮುಕ್ಕಾಲು ಗಂಟೆ ಹಿಡಿಯಿರಿ. ಟ್ಯಾಕ್ಸಿ ಹಿಡಿದು ಕಲಂಗುಟ್ ಸೇರಲು ಒಂದೂವರೆ ಗಂಟೆ. ಅಲ್ಲಿಗೆ 4.15 ಆಯಿತು. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ ಮೊದಲು, ಅಂದರೆ ರಾತ್ರಿ 8ಕ್ಕೆ ನಿಲ್ದಾಣದಲ್ಲಿರಬೇಕು. ಸಂಜೆಯ ದಟ್ಟಣೆಯಲ್ಲಿ ಮರಳಲು ಎರಡು ಗಂಟೆ ಇಟ್ಟುಕೊಂಡರೆ 6ಕ್ಕೆ ಕಲಂಗುಟ್ ಬಿಡಬೇಕು. ಎಂಟು ಗಂಟೆಯಲ್ಲಿ ಕಡಲತೀರದಲ್ಲಿ ಕಳೆಯಲು ಸಿಕ್ಕಿದ್ದು ಒಂದೂ ಮುಕ್ಕಾಲು ಗಂಟೆ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದೂ ಹೆಚ್ಚು ಕಡಿಮೆ ಅದೇ 6ರ ಹೊತ್ತಿಗೆ. ಸೂರ್ಯಾಸ್ತ ನೋಡಿಯೇ ಹೊರಡುತ್ತೇನೆ ಎಂದವನಿಗೆ ತಡವಾಯಿತು ಎಂದೇ ಅರ್ಥ.

ಮುಂದಿನ ವಿಮಾನ ವಿದೇಶಕ್ಕಾದರೆ ಮೂರು ಗಂಟೆ ಮೊದಲು ಬರಬೇಕು. ಆಗ ಅದೇ ಲೆಕ್ಕದಲ್ಲಿ ಉಳಿಯುವುದು ಕೇವಲ ಮುಕ್ಕಾಲು ಗಂಟೆ. ಮೂರೂವರೆ ಗಂಟೆ ಪ್ರಯಾಣದ ಖರ್ಚು ಮಾಡಿ ಮುಕ್ಕಾಲು ಗಂಟೆ ಮರಳಿನ ಮೇಲೆ ನಿಲ್ಲುವುದರಲ್ಲಿ ಅರ್ಥವಿಲ್ಲ. ವಿದೇಶದಿಂದ ಬಂದಿಳಿದವರು ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಬೇಕಾದ್ದರಿಂದ ಹೊರಬರುವ ಸಮಯವನ್ನೂ ಮುಕ್ಕಾಲು ಗಂಟೆಗಿಂತ ಹೆಚ್ಚು ಹಿಡಿಯಬೇಕು.

ಇಳಿಯುವುದೂ ಹತ್ತುವುದೂ ಮೋಪಾದಲ್ಲಾದರೆ ಪರಿಸ್ಥಿತಿ ಸ್ವಲ್ಪ ಉತ್ತಮ. ಹೋಗಲು ಒಂದೂಕಾಲು, ಬರಲು ಒಂದೂವರೆ ಗಂಟೆ ಹಿಡಿದರೆ ದೇಶದೊಳಗಿನ ವಿಮಾನದವರಿಗೆ ಎರಡೂವರೆ ಗಂಟೆ ಸಿಗುತ್ತದೆ. ಇನ್ನು ದಾಬೋಳಿಯಲ್ಲಿ ಇಳಿದು ಮೋಪಾದಲ್ಲಿ ಹತ್ತುವವರಿಗೆ ಕಲಂಗುಟ್ ದಾರಿಗೆ ಹತ್ತಿರವೇ ಆಗುತ್ತದೆ. ಹೇಗೂ ಉತ್ತರಕ್ಕೆ ಹೋಗಲೇಬೇಕು, ಹೆದ್ದಾರಿಯಿಂದ ಸ್ವಲ್ಪ ಪಶ್ಚಿಮಕ್ಕೆ ತಿರುಗಿದರಾಯಿತು. ಅವರಿಗೆ ಎರಡೂಕಾಲು ಗಂಟೆಯಷ್ಟು ಉಳಿಯುತ್ತದೆ.

ಇದೆಲ್ಲ ಟ್ಯಾಕ್ಸಿಯ ಲೆಕ್ಕ. ಕದಂಬ ಸಾರಿಗೆ ನಿಗಮದ ಬಸ್ಸುಗಳಲ್ಲಿ ಹೋದರೆ ಹಣ ಬಹಳ ಉಳಿಯುತ್ತದೆ. ಆದರೆ ಬಸ್ಸಿಗೆ ಕಾಯುವ ಸಮಯವೂ ಸೇರಿ ಹೋಗಿ ಬರಲು ಒಂದು ಗಂಟೆಯಾದರೂ ಹೆಚ್ಚು ಬೇಕು. ಕೊನೆಯ ಬಸ್ಸಿನ ಸಮಯವನ್ನು ಹೋಗುವಾಗಲೇ ಕೇಳಿಟ್ಟುಕೊಳ್ಳಬೇಕು. ಬೆಂಗಳೂರಿನಂತೆ ಓಲಾ, ಉಬರ್ ನಂಬಿ ಗೋವಾಕ್ಕೆ ಬರುವ ಹಾಗಿಲ್ಲ. 2018ರಲ್ಲಿ ಆರಂಭವಾದ ಗೋವಾಮೈಲ್ಸ್ ಎಂಬ ಆ್ಯಪ್ ಮತ್ತು ನಿಲ್ದಾಣದ ಪ್ರೀಪೇಯ್ಡ್ ಕೌಂಟರ್ ಇಲ್ಲಿನ ದಾರಿ. ಹೊರಗಿನ ಟ್ಯಾಕ್ಸಿ ಹಿಡಿದರೆ ಹೋಗುವುದು, ಕಾಯುವುದು, ಮರಳುವುದು ಮೂರಕ್ಕೂ ಸೇರಿಸಿ ಮೊದಲೇ ದರ ಮಾತಾಡಿಕೊಳ್ಳಬೇಕು. ಕೊಂಕಣಿ ಬಲ್ಲ ಗಡಿಭಾಗದವರಿಗೆ ಈ ಮಾತುಕತೆ ಉಳಿದವರಿಗಿಂತ ಸುಲಭ.

ಸಾಮಾನು ಎಲ್ಲಿಡುವುದು?

ಸಮಯ ಸಾಕಷ್ಟಿದ್ದರೂ ತಿರುಗಾಟಕ್ಕೆ ಅಡ್ಡಿಯಾಗುವುದು ಪೆಟ್ಟಿಗೆ. ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿದ್ದು ಎರಡೂ ದೇಶದೊಳಗಿನವಾದರೆ ಸಾಮಾನು ಸಾಮಾನ್ಯವಾಗಿ ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ. ವಿದೇಶದಿಂದ ಬಂದವರು ಭಾರತದಲ್ಲಿ ಮೊದಲು ಇಳಿದ ಕಡೆ ಕಸ್ಟಮ್ಸ್‌ಗಾಗಿ ಸಾಮಾನು ಪಡೆದು ಮತ್ತೆ ಒಪ್ಪಿಸಬೇಕಾಗುತ್ತದೆ. ಟಿಕೆಟ್ ಬೇರೆ ಬೇರೆ ಇದ್ದರೆ ಸಾಮಾನು ಪ್ರಯಾಣಿಕನದೇ ಹೊಣೆ. ಬೇಗ ಬಂದೆನೆಂದು ಪೆಟ್ಟಿಗೆ ಒಪ್ಪಿಸಲು ಹೋದರೂ ಕೌಂಟರ್ ತೆರೆಯುವುದು ವಿಮಾನ ಹೊರಡುವ ಮೂರು ನಾಲ್ಕು ಗಂಟೆ ಮೊದಲಷ್ಟೇ. ಸಾಮಾನು ಇಟ್ಟುಕೊಳ್ಳುವ ವ್ಯವಸ್ಥೆ ಇದೆಯೇ ಎಂದು ನಿಲ್ದಾಣದೊಳಗೇ ವಿಚಾರಿಸಬೇಕು. ಇಲ್ಲವಾದರೆ ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಮರಳಿನಲ್ಲಿ ನಡೆಯುವ ಆಸೆ ಬಿಡುವುದೇ ಲೇಸು.

ಪಾಸ್‌ಪೋರ್ಟ್ ವಿಷಯ ಇದಕ್ಕಿಂತ ಗಂಭೀರ. ಒಬ್ಬನೇ ಬಂದ ಪ್ರಯಾಣಿಕ ಸಮುದ್ರಕ್ಕಿಳಿದರೆ ದಡದಲ್ಲಿ ಬಿಟ್ಟ ಚೀಲ ಕಾಯುವವರಾರು? ಪಾಸ್‌ಪೋರ್ಟ್, ವೀಸಾ ಕಾಗದ, ಮೊಬೈಲ್ ಇದ್ದ ಚೀಲ ಕಳೆದರೆ ಒಂದು ವಿಮಾನವಷ್ಟೇ ಅಲ್ಲ, ಕೆಲಸವೇ ಕೈತಪ್ಪಬಹುದು. ಒಬ್ಬರೇ ಇದ್ದಾಗ ಕಾಲು ಒದ್ದೆ ಮಾಡಿಕೊಂಡು ತೃಪ್ತಿಪಡುವುದು ಜಾಣತನ.

ಹೋದವರು ಏನು ನೋಡಬಹುದು?

ಎರಡು ಗಂಟೆಯಲ್ಲಿ ಕಲಂಗುಟ್, ಬಾಗಾ, ಕಾಂದೋಳಿ, ಆಗ್ವಾದ ಕೋಟೆ ಎಲ್ಲವನ್ನೂ ನೋಡುತ್ತೇನೆ ಎಂದು ಹೊರಡಬಾರದು. 1612ರಲ್ಲಿ ಪೋರ್ಚುಗೀಸರು ಕಟ್ಟಿದ ಆಗ್ವಾದ ಕೋಟೆ ನೋಡುವಂಥದ್ದೇ, ಆದರೆ ಅದಕ್ಕೇ ಬೇರೆ ಹೊತ್ತು ಬೇಕು. ಕಲಂಗುಟ್ ತೀರದಲ್ಲಿ ಒಂದು ಸುತ್ತು, ಬಿಳಿ ಗೋಪುರಗಳ ಸಂತ ಅಲೆಕ್ಸ್ ಇಗರ್ಜಿ, ಒಂದು ಮೀನೂಟ, ಇಷ್ಟಾದರೆ ಸಾಕು. ಮರಳಿನ ಮೇಲೆ ಮಣಿಸರ, ಕಸೂತಿ ಬಟ್ಟೆ ಮಾರುವ ಲಂಬಾಣಿ ಮಹಿಳೆಯರಲ್ಲಿ ಹಲವರು ಉತ್ತರ ಕರ್ನಾಟಕದಿಂದ ಬಂದವರು. ಕನ್ನಡದಲ್ಲಿ ಮಾತಾಡಿಸಿದರೆ ಊರು ಕೇರಿಯ ಸುದ್ದಿಯೂ ಸಿಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ಕಡಲು ಉಗ್ರವಾಗಿರುತ್ತದೆ. ಕೆಂಪು ಬಾವುಟ ಕಂಡಲ್ಲಿ ನೀರಿಗಿಳಿಯಬಾರದು. ಕತ್ತಲಾದ ಮೇಲಂತೂ ಯಾವ ಕಾಲದಲ್ಲೂ ಇಳಿಯಬಾರದು. ತೀರದ ಬಯಲಿನಲ್ಲಿ ಕುಳಿತು ಮದ್ಯ ಸೇವಿಸುವುದಕ್ಕೆ 2019ರಿಂದ ದಂಡವಿದೆ. 2019ರಲ್ಲಿ ಅದು ಒಬ್ಬರಿಗೆ 2,000 ರೂಪಾಯಿ, ಗುಂಪಾದರೆ 10,000 ರೂಪಾಯಿ ಇತ್ತು. ಕುಡಿದು ನಿಲ್ದಾಣಕ್ಕೆ ಬಂದವರನ್ನು ವಿಮಾನ ಹತ್ತಿಸದೆ ಬಿಡುವ ಅಧಿಕಾರ ಸಿಬ್ಬಂದಿಗೆ ಇದೆ. ಕುವೈತ್‌ನಂಥ ದೇಶಕ್ಕೆ ಹೊರಟವರು ಗೋವಾದ ಬಾಟಲಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲೇಬಾರದು. ಅಲ್ಲಿ ಅದು ಅಪರಾಧ.

ಕಡಿಮೆ ಸಮಯವಿದ್ದರೆ ಹತ್ತಿರದ ಜಾಗ

ಆರು ಗಂಟೆಗಿಂತ ಕಡಿಮೆ ಬಿಡುವಿದ್ದರೆ ಕಲಂಗುಟ್ ಮರೆತುಬಿಡಬೇಕು. ದಾಬೋಳಿಯಲ್ಲಿದ್ದವರಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿ ಬೊಗ್ಮಾಳೊ ಕಡಲತೀರವಿದೆ. ಅದೇ ರಸ್ತೆಯಲ್ಲಿ 1998ರಲ್ಲಿ ಆರಂಭವಾದ ನೌಕಾ ವಿಮಾನ ವಸ್ತುಸಂಗ್ರಹಾಲಯವಿದೆ. ಹಳೆಯ ಯುದ್ಧ ವಿಮಾನಗಳನ್ನು ಮಕ್ಕಳು ಖುಷಿಯಿಂದ ನೋಡುತ್ತಾರೆ. ಮೋಪಾದಲ್ಲಿದ್ದವರಿಗೆ ಹರ್ಮಲ್, ಮೊರ್ಜಿ ತೀರಗಳು ಕಲಂಗುಟ್‌ಗಿಂತ ಹತ್ತಿರ. ಮಹಾರಾಷ್ಟ್ರ ಗಡಿಯ ಪತ್ರಾದೇವಿಯಲ್ಲಿ, 1955ರ ಆಗಸ್ಟ್ 15ರಂದು ಗೋವಾ ವಿಮೋಚನೆಗಾಗಿ ಗಡಿ ದಾಟಿ ಪೋರ್ಚುಗೀಸರ ಗುಂಡಿಗೆ ಬಲಿಯಾದ ಸತ್ಯಾಗ್ರಹಿಗಳ ಸ್ಮಾರಕವಿದೆ. ಗಡಿಯ ಜನ ಒಮ್ಮೆಯಾದರೂ ನಿಂತು ನೋಡಬೇಕಾದ ಜಾಗ ಅದು.

ವಯಸ್ಸಾದವರು, ಎಳೆಯ ಮಕ್ಕಳು ಜೊತೆಗಿದ್ದರೆ, ರಾತ್ರಿಯಿಡೀ ನಿದ್ದೆಗೆಟ್ಟು ಬಂದಿದ್ದರೆ ನಿಲ್ದಾಣದ ಹತ್ತಿರವೇ ಕೆಲವು ಗಂಟೆಗೆ ಕೋಣೆ ಹಿಡಿದು ಸ್ನಾನ ಮಾಡಿ ಮಲಗುವುದೂ ಒಳ್ಳೆಯ ತೀರ್ಮಾನವೇ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಒಟ್ಟಿನಲ್ಲಿ ಹತ್ತು ಗಂಟೆಗಿಂತ ಹೆಚ್ಚು ಹಗಲಿನ ಬಿಡುವು, ಕೈಯಲ್ಲಿ ಸಣ್ಣ ಚೀಲ ಮಾತ್ರ ಇದ್ದರೆ ಕಲಂಗುಟ್‌ಗೆ ನಿಶ್ಚಿಂತೆಯಿಂದ ಹೋಗಬಹುದು. ಎಂಟರಿಂದ ಹತ್ತು ಗಂಟೆಯಾದರೆ ಲೆಕ್ಕ ಹಾಕಿ ಹೋಗಬೇಕು. ಆರರಿಂದ ಎಂಟು ಗಂಟೆಯಾದರೆ ಹತ್ತಿರದ ಜಾಗ ನೋಡಬೇಕು.

ವಿಮಾನ ತಪ್ಪಿದರೆ?

ವಿಮಾನ ಕಂಪನಿಯೇ ತಡ ಮಾಡಿದರೆ ಊಟ ತಿಂಡಿ ಕೊಡಬೇಕು, ದೇಶದೊಳಗಿನ ವಿಮಾನ ಆರು ಗಂಟೆ ಮೀರಿ ತಡವಾಗುವಂತಿದ್ದರೆ ಬೇರೆ ವಿಮಾನ ಅಥವಾ ಹಣ ವಾಪಸು ಕೊಡಬೇಕು ಎಂಬ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾಡಿದೆ. ಒಂದೇ ಟಿಕೆಟ್‌ನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಕಂಪನಿಯದೇ. ಆದರೆ ಪ್ರಯಾಣಿಕ ಕಡಲತೀರದಿಂದ ತಡವಾಗಿ ಬಂದರೆ ಯಾವ ನಿಯಮವೂ ಕೈಹಿಡಿಯುವುದಿಲ್ಲ. ಟ್ರಾಫಿಕ್ ಇತ್ತು ಎಂಬ ಮಾತನ್ನು ಕೌಂಟರ್‌ನಲ್ಲಿ ಕೇಳುವವರಿಲ್ಲ. ಟಿಕೆಟ್ ಹಣದ ಬಹುಪಾಲು ಹೋಗುತ್ತದೆ. ಅದೇ ದಿನ ಹೊಸ ಟಿಕೆಟ್ ಕೊಳ್ಳಬೇಕಾದರೆ ಬೆಲೆ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ರಜೆ ಮುಗಿಸಿ ಗಲ್ಫ್‌ಗೆ ಮರಳುವವರಿಗೆ ಕೆಲಸಕ್ಕೆ ಹಾಜರಾಗುವ ದಿನ, ವೀಸಾದ ಗಡುವು ಎರಡೂ ಕತ್ತಿಯಂತೆ ತೂಗುತ್ತಿರುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಣಕ್ಕೆ ಮಾತ್ರವಲ್ಲ, ಸಮಯಕ್ಕೂ ಸಲ್ಲುತ್ತದೆ. ಮುಂಬಯಿ, ದೆಹಲಿಯವರಿಗೆ ಗೋವಾ ಅಪರೂಪದ ಊರಿರಬಹುದು. ಮಾಜಾಳಿ ದಾಟಿದರೆ, ಚೋರ್ಲಾ ಘಾಟಿ ಇಳಿದರೆ ಗೋವಾ ಸೇರುವ ಗಡಿನಾಡಿನವರಿಗೆ ಹಾಗಲ್ಲ. ಈ ಸಲ ಗಂಟೆ ಸಾಲದಿದ್ದರೆ ಇನ್ನೊಂದು ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು, ಗಡಿಯಾರ ನೋಡದೆ, ಸೂರ್ಯ ಮುಳುಗುವವರೆಗೂ ಕಲಂಗುಟ್‌ನಲ್ಲಿ ಕುಳಿತು ಬರಬಹುದು.