ಮರುಭೂಮಿಯ ಸಂಜೆ ಸಫಾರಿ: ‘ಉಚಿತ’ ಪ್ರವಾಸದ ತೆರಿಗೆ ಲೆಕ್ಕ

ಬೀಜ, ರಸಗೊಬ್ಬರ, ಕೀಟನಾಶಕ, ಸಿಮೆಂಟು, ಬಣ್ಣ ಮೊದಲಾದ ಸರಕುಗಳ ಕಂಪನಿಗಳು ಮಾರಾಟದ ಗುರಿ ತಲುಪಿದ ಡೀಲರುಗಳನ್ನು ವಿದೇಶ ಪ್ರವಾಸಕ್ಕೆ ಕರೆದೊಯ್ಯುವುದು ವ್ಯಾಪಾರದಲ್ಲಿ ರೂಢಿಯಾಗಿದೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಪೇಟೆಗಳ ವರ್ತಕರಂತೆಯೇ ಹೊಸರಿತ್ತಿಯಂತಹ ಊರಿನ ಅಂಗಡಿಕಾರರಿಗೂ ಇಂತಹ ಅವಕಾಶ ಒದಗಬಹುದು. ದುಬೈ ಪ್ರವಾಸವೆಂದರೆ ಅದರಲ್ಲಿ ಒಂದು ಸಂಜೆ ಮರುಭೂಮಿ ಸಫಾರಿಗೆ ಮೀಸಲು. ‘ಖರ್ಚೆಲ್ಲ ಕಂಪನಿಯದು, ನಮ್ಮ ಲೆಕ್ಕಪುಸ್ತಕಕ್ಕೆ ಸಂಬಂಧವಿಲ್ಲ’ ಎಂಬ ಭಾವನೆ ಹಲವರಲ್ಲಿದೆ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯಲ್ಲ.

ಸಫಾರಿಯ ಸ್ವರೂಪ

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಹೋಟೆಲಿನಿಂದ ನಾಲ್ಕು ಚಕ್ರಗಳಿಗೂ ಚಾಲನಾಶಕ್ತಿಯಿರುವ ವಾಹನಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯಲಾಗುತ್ತದೆ. ಮರಳಿನ ಅಂಚಿನಲ್ಲಿ ಚಾಲಕರು ಟೈರುಗಳ ಗಾಳಿಯನ್ನು ಕಡಿಮೆ ಮಾಡುತ್ತಾರೆ. ಇದರಿಂದ ಟೈರು ಅಗಲವಾಗಿ ಹರಡಿಕೊಂಡು ಮರಳಿನಲ್ಲಿ ಹೂತುಹೋಗುವುದಿಲ್ಲ. ಅನಂತರ ಮರಳು ದಿಬ್ಬಗಳ ಮೇಲೆ ಏರಿಳಿಯುವ ಸವಾರಿ, ಸೂರ್ಯಾಸ್ತ ದರ್ಶನ, ಬಿಡಾರದಲ್ಲಿ ಒಂಟೆ ಸವಾರಿ, ಮೆಹಂದಿ, ನೃತ್ಯ ಮತ್ತು ರಾತ್ರಿಯ ಊಟ. ಕೆಂಪು ಮರಳಿನ ಲಹಬಾಬ್ ಪ್ರದೇಶ ಇದಕ್ಕೆ ಹೆಸರುವಾಸಿ. ಕೆಲವು ಸಫಾರಿಗಳು ಸುಮಾರು 225 ಚದರ ಕಿಲೋಮೀಟರ್ ವಿಸ್ತಾರದ ದುಬೈ ಮರುಭೂಮಿ ಸಂರಕ್ಷಣಾ ಪ್ರದೇಶದಲ್ಲಿ ನಡೆಯುತ್ತವೆ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗಕ್ಕೆ ಆಶ್ರಯವಿರುವಂತೆ ಅಲ್ಲಿ ಅರೇಬಿಯದ ಓರಿಕ್ಸ್ ಎಂಬ ಮೃಗಕ್ಕೆ ರಕ್ಷಣೆ ಇದೆ.

ಒಟ್ಟಿನಲ್ಲಿ ಇದು ಮನರಂಜನೆ, ವ್ಯಾಪಾರದ ಮಾತುಕತೆಯಲ್ಲ. ತೆರಿಗೆಯ ಪ್ರಶ್ನೆ ಉದ್ಭವಿಸುವುದೇ ಈ ಕಾರಣದಿಂದ.

ಡೀಲರುಗಳ ಪ್ರವಾಸ ಮತ್ತು ಟಿಡಿಎಸ್

ವ್ಯಾಪಾರದಿಂದ ದೊರೆಯುವ ಪ್ರಯೋಜನವು ಹಣದ ರೂಪದಲ್ಲಿಲ್ಲದಿದ್ದರೂ ಅದರ ಮೌಲ್ಯವು ವ್ಯಾಪಾರದ ಆದಾಯವೆಂಬುದು ಹಳೆಯ ತತ್ತ್ವ. 2022ರ ಜುಲೈ 1ರಿಂದ ಜಾರಿಗೆ ಬಂದ ಕಲಂ 194ಆರ್ ಇದಕ್ಕೆ ಟಿಡಿಎಸ್ ವ್ಯವಸ್ಥೆಯನ್ನು ಜೋಡಿಸಿತು. ಒಂದು ಹಣಕಾಸು ವರ್ಷದಲ್ಲಿ ಒಬ್ಬ ವರ್ತಕನಿಗೆ ನೀಡಿದ ಪ್ರಯೋಜನಗಳ ಮೌಲ್ಯ 20,000 ರೂ. ಮೀರಿದರೆ ಕಂಪನಿಯು ಶೇ. 10ರಷ್ಟು ತೆರಿಗೆ ಕಡಿತಗೊಳಿಸಬೇಕು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬದಲಾದರೂ ತತ್ತ್ವ ಅದೇ ಆಗಿದೆ.

ಕೇಂದ್ರೀಯ ನೇರ ತೆರಿಗೆ ಮಂಡಳಿಯು 2022ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆ ಇಲ್ಲಿ ಮುಖ್ಯವಾದುದು. ಹೊಸ ಸರಕಿನ ಪರಿಚಯ, ಮಾರಾಟದ ತರಬೇತಿ ಮುಂತಾದ ಉದ್ದೇಶಕ್ಕಾಗಿ ನಡೆಸುವ ನಿಜವಾದ ಡೀಲರ್ ಸಮ್ಮೇಳನದ ವೆಚ್ಚ ಪ್ರಯೋಜನವೆನಿಸುವುದಿಲ್ಲ. ಆದರೆ ಗುರಿ ಮುಟ್ಟಿದ ಆಯ್ದ ಡೀಲರುಗಳಿಗೆ ಬಹುಮಾನವಾಗಿ ಕೊಟ್ಟ ಪ್ರವಾಸಕ್ಕೆ ಈ ವಿನಾಯಿತಿ ಇಲ್ಲ. ನಿಜವಾದ ಸಮ್ಮೇಳನವಾಗಿದ್ದರೂ ಅದರ ಜೊತೆಗಿನ ವಿಹಾರದ ಭಾಗ, ಅಂದರೆ ಸಫಾರಿಯಂತಹವು, ಹಾಗೂ ಜೊತೆಗೆ ಬಂದ ಕುಟುಂಬದವರ ವೆಚ್ಚ ಪ್ರಯೋಜನವೆಂದೇ ಪರಿಗಣಿತವಾಗುತ್ತವೆ.

ಒಂದು ಉದಾಹರಣೆ

ಹೊಸರಿತ್ತಿಯ ಒಬ್ಬ ಬೀಜದ ಡೀಲರು ಗುರಿ ಮುಟ್ಟಿ ದುಬೈ ಪ್ರವಾಸ ಪಡೆದರೆಂದು ಭಾವಿಸೋಣ. ಅವರಿಗಾಗಿ ಕಂಪನಿಯು ಜಿಎಸ್‌ಟಿ ಹೊರತುಪಡಿಸಿ ಪ್ರವಾಸ ಸಂಸ್ಥೆಗೆ ಕೊಟ್ಟ ಮೊತ್ತ 80,000 ರೂ.

ಪ್ರಯೋಜನದ ಮೌಲ್ಯ: 80,000 ರೂ.
ಟಿಡಿಎಸ್ ಶೇ. 10ರಂತೆ: 8,000 ರೂ.
ಶೇ. 30ರ ದರಕ್ಕೆ ಸೇರುವ ಡೀಲರಿಗೆ ತೆರಿಗೆ: 24,000 ರೂ.
ರಿಟರ್ನ್ ಸಲ್ಲಿಸುವಾಗ ತುಂಬಬೇಕಾದ ಬಾಕಿ: 16,000 ರೂ. ಮತ್ತು ಸೆಸ್

ಪತ್ನಿಯನ್ನೂ ಕಂಪನಿಯ ಖರ್ಚಿನಲ್ಲಿ ಕರೆದೊಯ್ದರೆ ಆ ಮೊತ್ತವೂ ಡೀಲರ ಆದಾಯಕ್ಕೇ ಸೇರುತ್ತದೆ. ಪ್ರವಾಸವು ವಸ್ತುರೂಪದ ಪ್ರಯೋಜನವಾದುದರಿಂದ ಕಡಿತಕ್ಕೆ ನಗದು ಇರುವುದಿಲ್ಲ. ಆದ್ದರಿಂದ ಕಂಪನಿಯು 8,000 ರೂ.ಗಳನ್ನು ಡೀಲರಿಂದ ಕೇಳಬಹುದು, ಅಥವಾ ತಾನೇ ತುಂಬಬಹುದು; ತುಂಬಿದರೆ ಆ ತೆರಿಗೆಯೂ ಪ್ರಯೋಜನವೇ. ಡೀಲರ್‌ಶಿಪ್ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿದ್ದರೆ, ಪ್ರವಾಸ ಹೋದವರು ಪಾಲುದಾರರಾದರೂ ಆದಾಯ ಸಂಸ್ಥೆಯದು.

ಟಿಡಿಎಸ್ ಇಲಾಖೆಯ ದಾಖಲೆಯಲ್ಲಿ ಕಾಣಿಸಿ, ರಿಟರ್ನಿನಲ್ಲಿ ಆದಾಯ ಕಾಣಿಸದಿದ್ದರೆ ವ್ಯತ್ಯಾಸ ತಾನಾಗಿಯೇ ಹೊರಬೀಳುತ್ತದೆ. ಆಗ ತೆರಿಗೆಯ ಜೊತೆಗೆ ಬಡ್ಡಿ ಮತ್ತು ದಂಡದ ಪ್ರಶ್ನೆಯೂ ಬರುತ್ತದೆ.

ಸ್ವಂತ ಖರ್ಚಿನ ಪ್ರವಾಸ

ದುಬೈಯ ಗಲ್ಫುಡ್ ಆಹಾರ ಪ್ರದರ್ಶನಕ್ಕೆ ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರು ಸ್ವಂತ ಖರ್ಚಿನಲ್ಲಿ ಹೋದರೆ ಲೆಕ್ಕ ಬೇರೆ. ವಿಮಾನ, ವಸತಿ, ಪ್ರದರ್ಶನದ ಶುಲ್ಕ ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಆಗಿದ್ದರೆ ವೆಚ್ಚವಾಗಿ ಒಪ್ಪಿತ. ಬಿಡುವಿನ ಸಂಜೆ ತಾವೊಬ್ಬರೇ ಸಫಾರಿಗೆ ಹೋದರೆ ಅದು ಸ್ವಂತ ಖರ್ಚು. ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಬರೆಯಬೇಕು. ಅದೇ ಸಫಾರಿಗೆ ಅಲ್ಲಿನ ಖರೀದಿದಾರರನ್ನು ಕರೆದೊಯ್ದು ಸತ್ಕರಿಸಿದರೆ ವ್ಯಾಪಾರ ಅಭಿವೃದ್ಧಿ ವೆಚ್ಚವೆಂದು ಹೇಳಬಹುದು. ಆದರೆ ಬಂದವರ ಹೆಸರು, ಸಂಸ್ಥೆ, ರಶೀದಿ, ಪತ್ರವ್ಯವಹಾರ ಕಡತದಲ್ಲಿರಬೇಕು. ಅಲ್ಲಿ ತೆತ್ತ ಶೇ. 5ರ ವ್ಯಾಟ್‌ಗೆ ನಮ್ಮ ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ.

ಭಾರತದ ಪ್ರವಾಸ ಸಂಸ್ಥೆಯಿಂದ ವಿದೇಶ ಪ್ಯಾಕೇಜ್ ಕೊಂಡರೆ ಟಿಸಿಎಸ್ ಕೊಡಬೇಕಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಶೇ. 5ರಿಂದ ಆರಂಭವಾದ ಈ ದರ ಪದೇ ಪದೇ ಬದಲಾಗಿದೆ. 2025ರ ಏಪ್ರಿಲ್‌ನಿಂದ 10 ಲಕ್ಷ ರೂ.ವರೆಗೆ ಶೇ. 5, ಮೀರಿದ್ದಕ್ಕೆ ಶೇ. 20 ಎಂದಿತ್ತು; 2026ರ ಬಜೆಟ್ಟು ಮೊತ್ತದ ಮಿತಿಯಿಲ್ಲದೆ ಶೇ. 2ಕ್ಕೆ ಇಳಿಸುವ ಪ್ರಸ್ತಾವ ಮಂಡಿಸಿತು. ಬರೀ ವಿಮಾನದ ಟಿಕೇಟು ಅಥವಾ ಬರೀ ಹೋಟೆಲ್ ಕೋಣೆ ಪ್ಯಾಕೇಜ್ ಎನಿಸುವುದಿಲ್ಲ. ಟಿಸಿಎಸ್ ನಷ್ಟವಲ್ಲ, ರಿಟರ್ನಿನಲ್ಲಿ ಜಮೆ ಪಡೆಯಬಹುದು.

ಗಮನಿಸಬೇಕಾದ ಅಂಶಗಳು

1. ಕಂಪನಿಯಿಂದ ಪ್ರವಾಸದ ಮೌಲ್ಯವನ್ನೂ ಟಿಡಿಎಸ್ ಪ್ರಮಾಣಪತ್ರವನ್ನೂ ಲಿಖಿತವಾಗಿ ಪಡೆಯಿರಿ.

2. ಹೊರಡುವ ಮೊದಲೇ ತೆರಿಗೆಯ ಬಾಕಿಯನ್ನು ಅಂದಾಜಿಸಿ ಮುಂಗಡ ತೆರಿಗೆಯಲ್ಲಿ ಸೇರಿಸಿರಿ.

3. ತನಗಾಗಿ ಅಥವಾ ಬೇರೆಯವರಿಗಾಗಿ ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ರೂ. ಮೀರಿ ಖರ್ಚು ಮಾಡಿದವರು, ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಲೇಬೇಕು.

4. ಬೆನ್ನುನೋವು, ಹೃದ್ರೋಗ ಇರುವವರು ಹಾಗೂ ಗರ್ಭಿಣಿಯರು ದಿಬ್ಬದ ಸವಾರಿಯನ್ನು ಬಿಟ್ಟು ನೇರವಾಗಿ ಬಿಡಾರಕ್ಕೆ ಹೋಗುವುದು ಲೇಸು. ಸಸ್ಯಾಹಾರಿಗಳು ಮುಂಚಿತವಾಗಿ ತಿಳಿಸಬೇಕು.

5. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಗಸಗಸೆ ನಿಷಿದ್ಧ. ಮನೆಯ ತಿಂಡಿಯಲ್ಲಿಯೂ ಅದನ್ನು ಒಯ್ಯಬಾರದು.

ಗುರಿ ಮುಟ್ಟಿದ್ದಕ್ಕೆ ದೊರೆಯುವ ಪ್ರವಾಸವು ವರ್ತಕರ ದುಡಿಮೆಯ ಫಲವೇ ಹೌದು, ಅದನ್ನು ನಿರಾಕರಿಸಬೇಕಾಗಿಲ್ಲ. ಪ್ರವಾಸಕ್ಕೆ ಬದಲು ನಗದು ರಿಯಾಯಿತಿ ಅಥವಾ ಕ್ರೆಡಿಟ್ ನೋಟು ಪಡೆಯುವ ಆಯ್ಕೆಯಿದ್ದರೆ ಎರಡನ್ನೂ ತೆರಿಗೆಯ ನಂತರದ ಲಾಭದಲ್ಲಿ ತೂಗಿ ನೋಡಿ ನಿರ್ಧರಿಸುವುದು ವ್ಯವಹಾರ ಜಾಣ್ಮೆ.