ಉತ್ತರಿಸಲಾರದವಳ ಜೊತೆ ಮಾತು

ಸ್ಪೇನಿನ ಪೆದ್ರೊ ಅಲ್ಮೊದೋವರ್ ಅವರ ‘ಟಾಕ್ ಟು ಹರ್’ ಬಂದದ್ದು 2002ರಲ್ಲಿ. ಚಿತ್ರಕಥೆಗೆ ಆಸ್ಕರ್ ಕೂಡ ಸಿಕ್ಕಿತು. ನಾನು ನೋಡಿದ್ದು ಮಾತ್ರ ಮೊನ್ನೆ, ಡೊಂಬಿವಲಿಯ ಮನೆಯಲ್ಲಿ, ಮಕ್ಕಳು ಮಲಗಿದ ಮೇಲೆ. ಎಲ್ಲರ ಜೊತೆ ಕೂತು ನೋಡುವಂಥದ್ದಲ್ಲ ಅಂತ ಗೆಳೆಯರು ಮೊದಲೇ ಹೇಳಿದ್ದರು.

ಬೆನಿಗ್ನೊ ಒಬ್ಬ ನರ್ಸ್. ಎದುರಿನ ನೃತ್ಯಶಾಲೆಯಲ್ಲಿ ಕುಣಿಯುವ ಅಲೀಸಿಯಾಳನ್ನು ಕಿಟಕಿಯಿಂದ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡವನು. ಅಪಘಾತವಾಗಿ ಅವಳು ಕೋಮಾಕ್ಕೆ ಹೋದಾಗ ಆರೈಕೆಗೆ ನೇಮಕವಾಗುವವನೂ ಇವನೇ. ನಾಲ್ಕು ವರ್ಷ ಮೈ ಒರೆಸುತ್ತಾನೆ, ಕೂದಲು ಕತ್ತರಿಸುತ್ತಾನೆ, ನೋಡಿ ಬಂದ ಸಿನಿಮಾದ ಕಥೆ ಹೇಳುತ್ತಾನೆ. ನಮಗೂ ‘ಅಯ್ಯೋ ಪಾಪ’ ಅನ್ನಿಸತೊಡಗುತ್ತದೆ. ಅಷ್ಟರಲ್ಲಿ ಅವಳು ಬಸುರಿ ಎಂದು ತಿಳಿಯುತ್ತದೆ. ಆ ರಾತ್ರಿ ನಡೆದದ್ದನ್ನು ಅಲ್ಮೊದೋವರ್ ತೋರಿಸುವುದಿಲ್ಲ. ಅದರ ಜಾಗದಲ್ಲಿ ಕುಗ್ಗುತ್ತ ಕುಗ್ಗುತ್ತ ಬೆರಳುದ್ದವಾದ ಪ್ರೇಮಿಯೊಬ್ಬನ ಕಪ್ಪು ಬಿಳುಪು ಮೂಕಿಚಿತ್ರ ಬರುತ್ತದೆ. ತುಂಬ ಚೆನ್ನಾಗಿದೆ. ನನ್ನ ತಕರಾರೂ ಅದೇ.

ಇಂಥ ಹಾಸಿಗೆಯೊಂದು ನಮ್ಮ ಪರೇಲಿನಲ್ಲೇ ಇತ್ತಲ್ಲ. ಹೊನ್ನಾವರದ ಬಳಿಯ ಹಳದೀಪುರದಿಂದ ಬಂದ ಅರುಣಾ ಶಾನಭಾಗ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್‌ಬಾಯ್ ಒಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಅವರಿಗಾಗ 25 ವರ್ಷ. ಮೆದುಳಿಗೆ ಆದ ಪೆಟ್ಟಿನಿಂದ ಮತ್ತೆ ಚೇತರಿಸಲಿಲ್ಲ. 2015ರ ಮೇ 18ರಂದು ತೀರಿಕೊಂಡರು. ಅವನಿಗೆ ಶಿಕ್ಷೆಯಾದದ್ದು ಕೊಲೆಯತ್ನ ಮತ್ತು ಸುಲಿಗೆಗೆ, 7 ವರ್ಷ. ಲೈಂಗಿಕ ದೌರ್ಜನ್ಯದ ಆರೋಪವೇ ಇರಲಿಲ್ಲ. ಅಲ್ಲಿ ಮೂಕಿಚಿತ್ರ ಮುಚ್ಚಿದ್ದನ್ನು ಇಲ್ಲಿ ಆರೋಪಪಟ್ಟಿ ಮುಚ್ಚಿತು.

ಆ ನಾಲ್ಕು ದಶಕ ಅವರನ್ನು ನೋಡಿಕೊಂಡವರು ಕೆಇಎಂನ ನರ್ಸ್‌ಗಳು. ಅರುಣಾರನ್ನು ಕಂಡೇ ಇರದ ಹುಡುಗಿಯರು ಕೆಲಸಕ್ಕೆ ಸೇರಿ, ತುತ್ತು ತಿನ್ನಿಸಿ, ಮಗ್ಗುಲು ಬದಲಿಸಿ, ನಿವೃತ್ತರಾದರು. ಬೆನ್ನಿನಲ್ಲಿ ಒಂದು ಹುಣ್ಣಾಗಲು ಬಿಡಲಿಲ್ಲ. ಹಾಸಿಗೆ ಖಾಲಿ ಮಾಡಿಸಲು ಪಾಲಿಕೆ ಹೊರಟಾಗ ಪ್ರತಿಭಟಿಸಿ ತಡೆದರು. ಅವರೂ ಉತ್ತರ ಬಾರದವಳ ಜೊತೆ ಮಾತಾಡಿದವರೇ. ಬೆನಿಗ್ನೊ ಮಾಡಿದ ಕೆಲಸವನ್ನೇ ಅವರೂ ಮಾಡಿದರು, ಪ್ರತಿಯಾಗಿ ಏನನ್ನೂ ತೆಗೆದುಕೊಳ್ಳದೆ. ಅವನದನ್ನು ಪ್ರೀತಿ ಎನ್ನಲು ನನಗೆ ನಾಲಿಗೆ ಹೊರಳದಿರುವುದು ಇದಕ್ಕೇ.

ಆದರೂ ಒಂದು ಇರುಸುಮುರುಸು ಉಳಿಯುತ್ತದೆ. ಅರುಣಾಗೆ ಬಲವಂತದ ಆಹಾರ ನಿಲ್ಲಿಸಿ ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದಾಗ ನರ್ಸ್‌ಗಳು ಒಪ್ಪಲಿಲ್ಲ. 2011ರ ಮಾರ್ಚ್ 7ರ ತೀರ್ಪು ಅವರ ಪರವಾಗಿಯೇ ಬಂತು. ನಿಜವಾದ ಆಪ್ತರು ಆಸ್ಪತ್ರೆಯವರೇ ಎಂದಿತು. ನಾನಿದ್ದರೂ ನರ್ಸ್‌ಗಳ ಕಡೆಯೇ ನಿಲ್ಲುತ್ತಿದ್ದೆ. ಆದರೆ ಅರುಣಾಗೆ ಏನು ಬೇಕಿತ್ತು?

ಚಿತ್ರದ ಅಲೀಸಿಯಾ ಎಚ್ಚರಗೊಳ್ಳುತ್ತಾಳೆ, ಮತ್ತೆ ನಡೆಯಲು ಕಲಿಯುತ್ತಾಳೆ. ತನಗೆ ಏನಾಗಿತ್ತು ಎಂದು ಅವಳು ಕೇಳುವ ದೃಶ್ಯ ಮಾತ್ರ ಇಲ್ಲ.