ತಕ್ಕಡಿಯೊಳಗಿನ ಎರಡು ಗಡಿಯಾರಗಳು

2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಾಗಲಿ, ರಾಣೆಬೆನ್ನೂರಿನ ಹತ್ತಿ-ಬೀಜಗಳಾಗಲಿ, ಹಾವೇರಿಯ ಕಿರಾಣಿಯಾಗಲಿ, ಬೆಲೆ ನಿಲ್ಲುವುದು ತೂಕದ ಮೇಲೆ. ವಿದ್ಯುತ್ ಹೋದಾಗ ಎಲೆಕ್ಟ್ರಾನಿಕ್ ತಕ್ಕಡಿ ಎಷ್ಟು ಹೊತ್ತು ನಡೆಯುವುದೆಂಬುದು ಬ್ಯಾಟರಿಯನ್ನಷ್ಟೇ ಅಲ್ಲ, ಅದರೊಳಗಿನ ಮೈಕ್ರೋಕಂಟ್ರೋಲರಿನ ಗಡಿಯಾರವನ್ನೂ ಅವಲಂಬಿಸಿದೆ.

ಗಡಿಯಾರದ ವೇಗ ಹೆಚ್ಚಿದಷ್ಟೂ ಚಿಪ್ ಹೆಚ್ಚು ವಿದ್ಯುತ್ ಹೀರುತ್ತದೆ. ಆದ್ದರಿಂದ ಅನೇಕ ಚಿಪ್‌ಗಳಲ್ಲಿ ಎರಡು ಆಸಿಲೇಟರುಗಳಿಗೆ ಅವಕಾಶವಿದೆ: ತೂಕ ಲೆಕ್ಕಿಸಲು ಮೆಗಾಹರ್ಟ್ಸ್ ವೇಗದ್ದು, ಬಿಡುವಿನಲ್ಲಿ 32,768 ಹರ್ಟ್ಸ್‌ನ ಸ್ಫಟಿಕ. ಈ ಸಂಖ್ಯೆಯನ್ನು 15 ಬಾರಿ ಅರ್ಧಿಸಿದರೆ ಸರಿಯಾಗಿ ಒಂದು ಸೆಕೆಂಡು ದೊರೆಯುತ್ತದೆ, ಕೈಗಡಿಯಾರದಲ್ಲಿರುವುದೂ ಇದೇ. ಆದರೆ 350 ಓಮ್‌ನ ಲೋಡ್‌ಸೆಲ್ 5 ವೋಲ್ಟಿನಲ್ಲಿ ಸುಮಾರು 14 ಮಿಲಿಆಂಪಿಯರ್ ಹೀರುವುದರಿಂದ, ಅದನ್ನೂ ಬಿಡುವಿನಲ್ಲಿ ನಿಲ್ಲಿಸದಿದ್ದರೆ ಚಿಪ್ಪಿನ ಮಿತವ್ಯಯ ಹೆಸರಿಗಷ್ಟೇ.

ವೇಗ ಬದಲಿಸುವ ಕ್ರಮದಲ್ಲಿಯೇ ಎಡವಟ್ಟುಗಳು ಹೆಚ್ಚು. ಹೊಸ ಆಸಿಲೇಟರನ್ನು ಚಾಲೂ ಮಾಡಿ, ಅದು ಸ್ಥಿರಗೊಂಡ ಸಂಕೇತ ಬಂದ ಬಳಿಕ ಅದಕ್ಕೆ ಬದಲಾಗಿ, ಅನಂತರವೇ ಹಳೆಯದನ್ನು ನಿಲ್ಲಿಸಬೇಕು. ಮುದ್ರಕದೊಡನೆ ಸಂವಹನದ ವೇಗವೂ ಈ ಗಡಿಯಾರದಿಂದಲೇ ಹುಟ್ಟುವುದರಿಂದ ಅದನ್ನು ಮತ್ತೆ ಹೊಂದಿಸಬೇಕು; ಮರೆತರೆ ರೈತನ ಚೀಟಿಯಲ್ಲಿ ಅಂಕಿಗಳ ಬದಲು ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಚಿಪ್ಪಿನೊಳಗಿನ ಅಗ್ಗದ ಆಸಿಲೇಟರಿನ ವೇಗ ಬಿಸಿಯೊಡನೆ ಜರುಗುವುದರಿಂದ, ಬೆಳಿಗ್ಗೆ ಸರಿಯಿದ್ದ ಚೀಟಿ ಮಧ್ಯಾಹ್ನ ಕೆಡಬಹುದು.

2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ತಕ್ಕಡಿಯ ಮಾದರಿಗೆ ಅನುಮೋದನೆ ಬೇಕು. ಮೊಹರಾದ ಮೇಲೆ ಒಳಗಿನ ಪ್ರೋಗ್ರಾಮಿಗೆ ಮನಬಂದಂತೆ ಕೈಹಾಕುವಂತಿಲ್ಲ. ಆದುದರಿಂದ ಕೊಳ್ಳುವ ಮುನ್ನವೇ ಬ್ಯಾಟರಿಯ ಮೇಲೆ ತೂಗಿ, ಕೆಲಹೊತ್ತು ಸುಮ್ಮನೆ ಬಿಟ್ಟು, ಮತ್ತೆ ತೂಗಿ, ಎರಡೂ ಬಾರಿಯ ಚೀಟಿಗಳನ್ನು ಪರೀಕ್ಷಿಸುವುದು ಒಳಿತು.